46 ಕಂಡರೂ ನಂಬದೆ ಹೋದವರು

ಸಾಕ್ಷಿ ನೋಡಿಯೇ ಒಪ್ಪುವ ವಿಜ್ಞಾನಿಗಳಲ್ಲೂ ಹಳೆಯ ನಂಬಿಕೆ ಬೇರುಬಿಟ್ಟು ತಳಿವಿಜ್ಞಾನ ನಿಧಾನವಾದದ್ದುಂಟೇ ಎಂದು ಕೇಳಿದ್ದೀರಿ. ಉಂಟು. ಬಿಎಸ್ಸಿಯಲ್ಲಿ ನಾನೇ ಇಂಥ ಕೆಲಸ ಮಾಡಿದ್ದೇನೆ. ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ, ಸ್ಲೈಡಿನ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ, ವರ್ಣತಂತು (ಕ್ರೋಮೋಸೋಮ್, ಅಂದರೆ ಕೋಶದೊಳಗೆ ವಂಶಗುಣಗಳನ್ನು ಹೊತ್ತ ಎಳೆ) ಎಣಿಸಬೇಕಿತ್ತು. ನನಗೆ ಕಂಡದ್ದು ಹದಿಮೂರೋ ಹದಿನಾಲ್ಕೋ. ಪುಸ್ತಕದಲ್ಲಿ 16 ಅಂತಿತ್ತು. ರೆಕಾರ್ಡಿನಲ್ಲಿ ಹದಿನಾರನ್ನೂ ಬಿಡಿಸಿ ಸಹಿ ಹಾಕಿಸಿಕೊಂಡೆ. (ಪುಸ್ತಕ ಸರಿಯಾಗಿಯೇ ಇತ್ತು, ಅದು ಬೇರೆ ಮಾತು.)

ಮನುಷ್ಯನ ವಿಷಯದಲ್ಲಿ ಪುಸ್ತಕವೇ ತಪ್ಪಿತ್ತು; ನಿಜವಾದ ಸಂಖ್ಯೆ 46. ಟೆಕ್ಸಾಸ್ ವಿಶ್ವವಿದ್ಯಾಲಯದ ಥಿಯೋಫಿಲಸ್ ಪೇಂಟರ್ 1923ರಲ್ಲಿ ನಮ್ಮ ವರ್ಣತಂತುಗಳು 48 ಎಂದು ಬರೆದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ತೆಳುವಾಗಿ ಕೊಯ್ದ ವೃಷಣದ ಅಂಗಾಂಶದಲ್ಲಿ ಅವು ಬೆಂದ ಶಾವಿಗೆಯ ಹಾಗೆ ಒಂದರ ಮೇಲೊಂದು ಬಿದ್ದಿರುತ್ತವೆ. ಎರಡು ವರ್ಷ ಮೊದಲು ಅವರೇ, 46 ಇರಬಹುದು ಇಲ್ಲವೇ 48 ಇರಬಹುದು ಎಂದು ಅನುಮಾನಿಸಿದ್ದರು. ಆ ಅನುಮಾನವನ್ನು ಮುಂದಿನವರು ಮರೆತರು, 48 ಮಾತ್ರ ಉಳಿಯಿತು.

1952ರ ನಂತರದ್ದು ಮಾತ್ರ ನನಗೆ ಅರಗುವುದಿಲ್ಲ. ಟೆಕ್ಸಾಸ್‌ನದೇ ಗಾಲ್ವೆಸ್ಟನ್ ಊರಿನಲ್ಲಿ ಟಿ. ಸಿ. ಶು ಎಂಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಯಾರೋ ಉಪ್ಪಿನ ದ್ರಾವಣವನ್ನು ತಪ್ಪಾಗಿ ತೆಳ್ಳಗೆ ಮಾಡಿದ್ದರು. ನೀರು ಹೀರಿ ಕೋಶಗಳು ಉಬ್ಬಿದವು, ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿದವು. ಎಣಿಸುವುದಕ್ಕೆ ಇನ್ನೇನು ಬೇಕಿತ್ತು? ಆದರೂ ಶು 48 ಎಂದೇ ನಂಬಿದರು.

ಸ್ವೀಡನ್ನಿನಲ್ಲಿ ಇನ್ನೂ ವಿಚಿತ್ರ. ಇವಾ ಹ್ಯಾನ್ಸೆನ್-ಮೆಲಾಂಡರ್ ಮತ್ತು ಸಂಗಡಿಗರು ಭ್ರೂಣದ ಯಕೃತ್ತಿನ ಕೋಶಗಳಲ್ಲಿ ಮತ್ತೆ ಮತ್ತೆ 46 ಎಣಿಸಿದರು, ಉಳಿದೆರಡು ಸಿಗುತ್ತಿಲ್ಲವೆಂದು ಕೆಲಸವನ್ನೇ ನಿಲ್ಲಿಸಿದರು! ಇದು ನಮಗೆ ಗೊತ್ತಾದದ್ದು ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಅವರ 1956ರ ಲೇಖನದಿಂದ. ಸ್ವೀಡನ್ನಿನದೇ ಲುಂಡ್‌ನಲ್ಲಿ ಭ್ರೂಣದ ಶ್ವಾಸಕೋಶದ ಕೋಶಗಳನ್ನು ನೋಡಿ 46 ಎಂದು ಬರೆದವರು ಈ ಇಬ್ಬರು. ಚಿಯೋ ಹೆಚ್ಚಾಗಿ ಸಸ್ಯಗಳ ಮೇಲೆ ಕೆಲಸ ಮಾಡಿದವರು. ಮನುಷ್ಯನ 48ರ ಭಾರ ಅವರ ತಲೆಯ ಮೇಲೆ ಅಷ್ಟಿರಲಿಲ್ಲ ಅನ್ನಿಸುತ್ತದೆ. ಇದು ನನ್ನ ಊಹೆ ಅಷ್ಟೇ.

ಎರಡು ಹೆಚ್ಚೋ ಕಡಿಮೆಯೋ, ಅದರಿಂದ ಏನು ನಷ್ಟ ಅಂತೀರಾ? ಹುಟ್ಟಿನಿಂದಲೇ ಇದ್ದು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ನಿಧಾನಗೊಳಿಸುವ ಡೌನ್ ಸಿಂಡ್ರೋಮ್‌ಗೆ ವರ್ಣತಂತುಗಳ ಏರುಪೇರು ಕಾರಣವಿರಬಹುದು ಎಂದು ಡಚ್ ಕಣ್ಣಿನ ವೈದ್ಯ ವಾರ್ಡನ್‌ಬರ್ಗ್ 1932ರಲ್ಲೇ ಬರೆದಿದ್ದರು. ಪ್ಯಾರಿಸ್‌ನಲ್ಲಿ ಮಾರ್ಥ್ ಗೋತಿಯೆ, ಜೆರೋಮ್ ಲೆಜೂನ್ ಮತ್ತು ರೇಮಂಡ್ ತುರ್ಪ್ಯಾಂ ಅದನ್ನು ತೋರಿಸಿದ್ದು 1959ರಲ್ಲಿ. ಡೌನ್ ಸಿಂಡ್ರೋಮ್ ಇದ್ದ ಮಕ್ಕಳ ಕೋಶಗಳಲ್ಲಿ 47 ಇದ್ದವು. ಸಹಜ ಸಂಖ್ಯೆ 48 ಎಂದೇ ನಂಬಿಕೊಂಡಿದ್ದರೆ, ಅದೇ 47ನ್ನು ನೋಡಿ ಒಂದು ಹೆಚ್ಚಿದೆ ಎನ್ನುವ ಬದಲು ಒಂದು ಕಡಿಮೆಯಿದೆ ಎಂದು ಬರೆದಿಡುತ್ತಿದ್ದರು.