ಬಾಯಿ ಬಿಟ್ಟ ಶೂ, ಸವೆದ ಹಿಮ್ಮಡಿ: ಮನೆಯಲ್ಲೇ ಅಂಟು ಹಾಕುವುದು ಹೇಗೆ?

ಪ್ರಶ್ನೆ: ಮಗನ ಶಾಲೆಯ ಕಪ್ಪು ಶೂ ಮುಂಭಾಗದಲ್ಲಿ ಬಾಯಿ ಬಿಟ್ಟಿದೆ. ಅಂಗಡಿಯಲ್ಲಿ ಸಿಗುವ ಪುಟ್ಟ ಟ್ಯೂಬಿನ, ತಕ್ಷಣ ಹಿಡಿಯುವ ಅಂಟನ್ನು ಎರಡು ಸಲ ಹಾಕಿದೆವು. ಮೊದಲ ಸಲ ಒಂದು ವಾರ ನಿಂತಿತು, ಎರಡನೇ ಸಲ ಸಂಜೆಯೊಳಗೇ ಬಿಟ್ಟುಹೋಯಿತು. ಅಂಟು ಬಿದ್ದ ಜಾಗ ಈಗ ಗಾಜಿನ ಹಾಗೆ ಗಟ್ಟಿಯಾಗಿದೆ. ಮುಂದೇನು ಮಾಡಬೇಕು? (ದಾವಣಗೆರೆ)

ಉತ್ತರ: ತಕ್ಷಣ ಹಿಡಿಯುವ ಆ ಅಂಟು ಸಯನೋಅಕ್ರಿಲೇಟ್. ಒಣಗಿದ ಮೇಲೆ ಅದು ಗಟ್ಟಿ ಪ್ಲಾಸ್ಟಿಕ್ ಆಗುತ್ತದೆ. ಒಡೆದ ಕಪ್ಪಿನ ಹಿಡಿಗೆ ಸರಿ, ಪ್ರತಿ ಹೆಜ್ಜೆಗೂ ಬಾಗುವ ಶೂವಿನ ಮುಂಭಾಗಕ್ಕೆ ಅಲ್ಲ. ಅಟ್ಟೆ ಬಾಗುತ್ತದೆ, ಅಂಟು ಬಾಗುವುದಿಲ್ಲ. ಅಂಚಿನಲ್ಲಿ ಸಣ್ಣ ಬಿರುಕು ಬಿಟ್ಟರೆ ಅದು ಒಳಗಿನವರೆಗೂ ಓಡುತ್ತದೆ. ಎರಡನೇ ಸಲ ಬೇಗ ಬಿಟ್ಟಿದ್ದಕ್ಕೂ ಕಾರಣ ಸರಳ: ಹೊಸ ಅಂಟು ಅಟ್ಟೆಗೆ ಹಿಡಿಯಲೇ ಇಲ್ಲ, ಹಳೆಯ ಗಟ್ಟಿ ಪದರಕ್ಕೆ ಹಿಡಿಯಿತು. ಆದ್ದರಿಂದ ಮೊದಲ ಕೆಲಸ ಆ ಪದರವನ್ನು ತೆಗೆಯುವುದು. ಬ್ಲೇಡಿನ ತುದಿಯಿಂದ ಎಬ್ಬಿಸಿ, ಉಳಿದದ್ದನ್ನು 80 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಅಸಿಟೋನ್ ಹಾಕಿದರೆ ಅದು ಕರಗುತ್ತದೆ ನಿಜ, ಆದರೆ ಜೊತೆಗೆ ಪ್ಲಾಸ್ಟಿಕ್ ಅಟ್ಟೆಯನ್ನೂ ಮೇಲಿನ ಬಣ್ಣವನ್ನೂ ಹಾಳುಮಾಡುತ್ತದೆ. ನೇಲ್‌ಪಾಲಿಶ್ ತೆಗೆಯುವ ದ್ರವವಂತೂ ಬೇಡ. ಎಷ್ಟೋ ಬಾಟಲಿಗಳಲ್ಲಿ ಎಣ್ಣೆಯಂಶ ಸೇರಿಸಿರುತ್ತಾರೆ, ಎಣ್ಣೆ ಇದ್ದ ಕಡೆ ಯಾವ ಅಂಟೂ ನಿಲ್ಲುವುದಿಲ್ಲ.

ಹೊಸ ಅಂಟು ತರುವ ಮೊದಲು ಶೂವನ್ನು ಬೆಳಕಿಗೆ ಹಿಡಿದು ಬಿಟ್ಟ ಜಾಗವನ್ನು ಚೆನ್ನಾಗಿ ನೋಡಿ. ಹಳೆಯ ಅಂಟೆಲ್ಲ ಒಂದೇ ಕಡೆ ಉಳಿದು ಇನ್ನೊಂದು ಕಡೆ ನುಣ್ಣಗಿದ್ದರೆ, ಆ ನುಣ್ಣಗಿನ ಕಡೆಯನ್ನು ಸರಿಯಾಗಿ ಉಜ್ಜಿರಲಿಲ್ಲ ಎಂದರ್ಥ. ಎರಡೂ ಕಡೆ ಅಂಟಿದ್ದು ನೂಲುನೂಲಾಗಿ ಎಳೆಯುತ್ತಿದ್ದರೆ, ಅಂಟು ಆರುವ ಮೊದಲೇ ಒತ್ತಿದ್ದಾರೆ ಅಥವಾ ಅಂಟು ಆಮೇಲೆ ಮೆತ್ತಗಾಗಿದೆ. ಅಟ್ಟೆಯ ಚೂರೇ ಅಂಟಿನ ಜೊತೆ ಕಿತ್ತು ಬಂದಿದ್ದರೆ ಅಂಟಿನದು ತಪ್ಪಿಲ್ಲ, ಅಟ್ಟೆಯ ವಸ್ತುವೇ ಸತ್ತಿದೆ. ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಕಡಿಮೆ ಬೆಲೆಯ ಶಾಲೆಯ ಶೂಗಳ ಅಟ್ಟೆ ಸಾಮಾನ್ಯವಾಗಿ ಪಿವಿಸಿ. ಕರಗಿದ ಪಿವಿಸಿಯನ್ನು ಅಚ್ಚಿನಲ್ಲಿ ನೇರವಾಗಿ ಮೇಲ್ಭಾಗಕ್ಕೇ ಸೇರಿಸುತ್ತಾರೆ. ಎಷ್ಟೋ ಶೂಗಳಲ್ಲಿ ಮೊದಲಿನಿಂದಲೂ ಅಂಟೇ ಇರುವುದಿಲ್ಲ. ಪಿವಿಸಿ ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಗೆ ಬರುತ್ತಲೇ ಇರುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ಹಳದಿ ಸೊಲ್ಯೂಷನ್, ಅಂದರೆ ನಿಯೋಪ್ರೀನ್ ಅಂಟು, ಚರ್ಮ ಮತ್ತು ರಬ್ಬರಿಗೆ ಬಹಳ ಒಳ್ಳೆಯದು. ಆದರೆ ಪಿವಿಸಿಯ ಮೇಲೆ ಮೊದಲ ದಿನ ಭದ್ರವಾಗಿ ಹಿಡಿದು, ಕೆಲವು ವಾರಗಳಲ್ಲಿ ಆ ಎಣ್ಣೆಯಂಶ ಹೀರಿ ಜಿಗುಟಾಗುತ್ತದೆ. ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ಪಿಯು ಸೊಲ್ಯೂಷನ್ ಎಂದು ಕೇಳಿ, ಅಂದರೆ ಪಾಲಿಯುರಿಥೇನ್ ಅಂಟು. ಪಿವಿಸಿಗೆ ಸರಿಯಾದದ್ದು ಅದು. ಒಂದು ಜೊತೆ ಶೂಗೆ 15 ಮಿಲಿ ಧಾರಾಳ ಸಾಕು.

ಈಗ ಕೆಲಸ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾಯೊಳಗಿನ ಮಣ್ಣು ತೊಳೆದು ನೆರಳಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಎರಡೂ ಕಡೆ ಹೊಳಪು ಹೋಗಿ ಮಂಕಾಗುವವರೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಪೇಪರನ್ನು ಐಸ್‌ಕ್ರೀಂ ಕಡ್ಡಿಗೆ ಸುತ್ತಿಕೊಂಡರೆ ಮೂಲೆಯವರೆಗೂ ಹೋಗುತ್ತದೆ. ಪುಡಿ ಕೊಡವಿ, ಸ್ಪಿರಿಟ್ ಅದ್ದಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ಹತ್ತು ನಿಮಿಷ ಆರಲು ಬಿಡಿ. ಬಾಯಿ ಮುಚ್ಚಿಕೊಳ್ಳದಂತೆ ಒಳಗೆ ಎರಡು ಬೆಂಕಿಕಡ್ಡಿ ಅಡ್ಡ ನಿಲ್ಲಿಸಿ. ಎರಡೂ ಕಡೆ ತೆಳುವಾಗಿ ಅಂಟು ಸವರಿ. ಬಟ್ಟೆಯ ಮೇಲ್ಭಾಗವಾದರೆ ಮೊದಲ ಪದರವನ್ನು ಅದು ಕುಡಿದುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಆ ಕಡೆಗೆ ಮಾತ್ರ ಇನ್ನೊಂದು ಪದರ ಕೊಡಿ.

ಇನ್ನು ಕಾಯಬೇಕು. ಬಹುತೇಕ ಎಲ್ಲರೂ ತಪ್ಪುವುದು ಇಲ್ಲಿಯೇ. ಹಸಿ ಇರುವಾಗಲೇ ಮುಚ್ಚಿದರೆ ಅಂಟನ್ನು ತೆಳುವಾಗಿಡುವ, ಬೇಗ ಆವಿಯಾಗುವ ದ್ರಾವಕಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಅಂಚು ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಸಾಮಾನ್ಯ ಹವೆಯಲ್ಲಿ 10ರಿಂದ 15 ನಿಮಿಷ ಬೇಕು. ಬೆರಳ ಗೆಣ್ಣಿನಿಂದ ಮುಟ್ಟಿ ನೋಡಿ: ಹಿಡಿದಂತೆ ಅನ್ನಿಸಬೇಕು, ಆದರೆ ಗೆಣ್ಣಿಗೆ ಮೆತ್ತಬಾರದು. ಆಗ ಹೇರ್ ಡ್ರೈಯರ್ ಇದ್ದರೆ ಒಂದು ನಿಮಿಷ ಬಿಸಿಗಾಳಿ ಕೊಡಿ. ಪಿಯು ಅಂಟಿಗೆ ಈ ಬಿಸಿ ತುಂಬಾ ಮುಖ್ಯ, ಬಿಸಿಯಾದಾಗಲೇ ಅದು ಪೂರ್ತಿ ಎಚ್ಚೆತ್ತು ಹಿಡಿಯುತ್ತದೆ. ಕಡ್ಡಿ ತೆಗೆದು, ಒಳಮೂಲೆಯಿಂದ ಹೊರಕ್ಕೆ ಒತ್ತುತ್ತಾ ಬನ್ನಿ. ಒಮ್ಮೆ ತಾಗಿದ ಮೇಲೆ ಸರಿಸಲು ಆಗುವುದಿಲ್ಲ, ಆದ್ದರಿಂದ ಜಾಗ ಮೊದಲೇ ನೋಡಿಕೊಳ್ಳಿ. ಈ ಜಾತಿಯ ಅಂಟಿಗೆ ಎಷ್ಟು ಹೊತ್ತು ಒತ್ತಿದಿರಿ ಎನ್ನುವುದಕ್ಕಿಂತ ಎಷ್ಟು ಬಲವಾಗಿ ಒತ್ತಿದಿರಿ ಎನ್ನುವುದೇ ಮುಖ್ಯ. ಶೂ ಒಳಗೆ ಪೇಪರ್ ಗಟ್ಟಿಯಾಗಿ ತುರುಕಿ, ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ಬಡಿಯಿರಿ. ಆಮೇಲೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಕತ್ತರಿಸಿ, ಎಳೆದೆಳೆದು ಶೂ ಸುತ್ತ ಬಿಗಿಯಿರಿ. ಸೊಟ್ಟ ಮೇಲ್ಮೈಯ ಮೇಲೂ ಟ್ಯೂಬು ಒಂದೇ ಸಮ ಅದುಮುತ್ತದೆ, ಕಬ್ಬಿಣದ ಕ್ಲಾಂಪಿಗೆ ಅದು ಸಾಧ್ಯವಿಲ್ಲ. 24 ಗಂಟೆ ಮುಟ್ಟಬೇಡಿ. ಶನಿವಾರ ಮಧ್ಯಾಹ್ನ ಹಾಕಿದರೆ ಸೋಮವಾರ ಬೆಳಿಗ್ಗೆ ಶಾಲೆಗೆ ಸಿದ್ಧ.

ಅಟ್ಟೆ ಬಿಟ್ಟಿದ್ದಲ್ಲ, ಬೆರಳು ಮಡಚುವ ಕಡೆ ರೆಕ್ಸಿನ್ನೇ ಸೀಳಿದೆ ಎಂದಾದರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಒಳಗಿನಿಂದ ತೇಪೆ ಹಾಕಿ ಹೊಲಿಸಬೇಕು.

ಪ್ರಶ್ನೆ: ನನ್ನ ಶೂಗಳ ಹಿಮ್ಮಡಿ ಹೊರಬದಿಯಲ್ಲಿ ಸವೆದಿದೆ, ಉಳಿದದ್ದೆಲ್ಲ ಹೊಸದರಂತಿದೆ. ಇಲ್ಲಿ ಶೂ ರಿಪೇರಿ ಅಂಗಡಿ ಹತ್ತಿರವಿಲ್ಲ, ಇದ್ದರೂ ದುಬಾರಿ. ಅಂಟಿನಿಂದಲೇ ಸವೆತ ತುಂಬಿಸಬಹುದೇ? (ಡಬ್ಲಿನ್, ಐರ್ಲೆಂಡ್)

ಉತ್ತರ: ತುಂಬಿಸಬಹುದು, ಆದರೆ ಮೇಲೆ ಹೇಳಿದ ಸೊಲ್ಯೂಷನ್ನಿನಿಂದ ಅಲ್ಲ. ಅದು ತೆಳು ಪದರವಾಗಿ ಎರಡು ವಸ್ತುಗಳನ್ನು ಹಿಡಿಸುತ್ತದೆಯೇ ಹೊರತು ಗುಳಿ ತುಂಬುವುದಿಲ್ಲ. ನಿಮಗೆ ಬೇಕಾದದ್ದು ‘ಶೂ ಗೂ’ (Shoe Goo) ಎಂಬ ಬ್ರಾಂಡಿನ ಥರದ ದಪ್ಪ ಪೇಸ್ಟು, ಒಣಗಿದ ಮೇಲೆ ರಬ್ಬರಿನಂತೆ ಬಾಗುವಂಥದ್ದು. ಅದರ 109 ಮಿಲಿ ಟ್ಯೂಬ್ ಒಂದಿದ್ದರೆ ಮನೆಮಂದಿಯ ಶೂಗಳೆಲ್ಲಾ ಆಗುತ್ತವೆ. ಲೆಕ್ಕ ಹಾಕಿ ನೋಡಿ: ಸವೆದ ಜಾಗ 4 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಅಂಚಿನಲ್ಲಿ 5 ಮಿ.ಮೀ. ಆಳವಿದ್ದು ಒಳಕ್ಕೆ ಸೊನ್ನೆಯಾಗುತ್ತದೆ ಎಂದರೆ ತುಂಬಬೇಕಾದದ್ದು ಬರೀ 3 ಮಿಲಿ. ದ್ರಾವಕ ಹಾರಿದಂತೆ ಪೇಸ್ಟು ಕುಗ್ಗುವುದರಿಂದ ಹಿಮ್ಮಡಿಯೊಂದಕ್ಕೆ 5 ಮಿಲಿಯ ಮೇಲೆಯೇ ಇಟ್ಟುಕೊಳ್ಳಿ.

ಸವೆದ ಜಾಗವನ್ನು 60 ನಂಬರಿನ ಸ್ಯಾಂಡ್‌ಪೇಪರಿನಿಂದ ಒರಟು ಮಾಡಿ, ಸ್ಪಿರಿಟ್ಟಿನಿಂದ ಒರೆಸಿ. ಹಿಮ್ಮಡಿಯ ಹೊರ ಅಂಚಿಗೆ ಅಗಲದ ಟೇಪನ್ನು, ಮೊದಲಿದ್ದ ಎತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ನಿಲ್ಲುವಂತೆ ಅಂಟಿಸಿ ಕಟ್ಟೆ ಕಟ್ಟಿ. ಶೂವನ್ನು ತಲೆಕೆಳಗು ಮಾಡಿ, ಹಿಮ್ಮಡಿ ಸಮತಟ್ಟಾಗುವಂತೆ ಪುಸ್ತಕಗಳ ನಡುವೆ ಇಡಿ. ಮೊದಲು ತುಸು ಪೇಸ್ಟನ್ನು ಕಡ್ಡಿಯಿಂದ ಬಲವಾಗಿ ತಿಕ್ಕಿ ಹಿಡಿಸಿ, ಆಮೇಲೆ ತುಂಬಿ. ಒಂದು ಸಲಕ್ಕೆ 2ರಿಂದ 3 ಮಿ.ಮೀ. ಮಾತ್ರ. ಇಡೀ ಗುಳಿಯನ್ನು ಒಂದೇ ಸಲ ತುಂಬುವ ಆಸೆಯಾಗುತ್ತದೆ. ಹಾಗೆ ಮಾಡಿದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ನಡೆದಾಗ ಗುಳ್ಳೆಗಳ ಜಾಗದಲ್ಲಿ ಒಡೆಯುತ್ತದೆ. ಮಟ್ಟ ಮಾಡಲು ಒದ್ದೆ ಕಡ್ಡಿ ಅಥವಾ ಐಸ್ ತುಂಡು ಬಳಸಿ. ಒದ್ದೆಯಾದದ್ದಕ್ಕೆ ಪೇಸ್ಟು ಅಂಟುವುದಿಲ್ಲ. ಆದರೆ ಮುಂದಿನ ಪದರ ಬರುವ ಮೇಲ್ಮೈಯಲ್ಲಿ ನೀರಿನ ಪಸೆ ಉಳಿಯದಿರಲಿ. ಪದರದಿಂದ ಪದರಕ್ಕೆ 24 ಗಂಟೆ, ಕೊನೆಯದಕ್ಕೆ 72 ಗಂಟೆ. ನಿಮ್ಮ ಊರಿನ ಚಳಿಗಾಲದಲ್ಲಿ ಗ್ಯಾರೇಜಿನಲ್ಲಿಟ್ಟರೆ ಇದು ದುಪ್ಪಟ್ಟಾಗಬಹುದು. ಕೆಲಸ ಕಿಟಕಿ ತೆರೆದ ಬೆಚ್ಚಗಿನ ಕೋಣೆಯಲ್ಲಿ ಆಗಲಿ.

ಕೊನೆಯ ಪದರ ನುಣ್ಣಗಾಗಿಬಿಟ್ಟರೆ ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಇನ್ನೂ ಹಸಿ ಇರುವಾಗ ಸಣ್ಣ ಮರಳು ಉದುರಿಸಿ, ಅಥವಾ ಒಣಗಿದ ಮೇಲೆ ಬ್ಲೇಡಿನಿಂದ ಅಡ್ಡ ಗೆರೆಗಳನ್ನು ಕೊರೆಯಿರಿ. ಸವೆತ 6 ಮಿ.ಮೀ. ದಾಟಿದ್ದರೆ ಪೇಸ್ಟಿನ ಆಸೆ ಬಿಟ್ಟು, ಇಳಿಜಾರಾಗಿ ಕತ್ತರಿಸಿದ ರಬ್ಬರ್ ತುಂಡನ್ನು ಸೊಲ್ಯೂಷನ್ನಿನಿಂದ ಅಂಟಿಸುವುದೇ ಲೇಸು. ಅದಕ್ಕಿಂತ ಜಾಣತನ ಎಂದರೆ 2-3 ಮಿ.ಮೀ. ಸವೆದಾಗಲೇ ಒಂದು ಪದರ ಹಾಕಿಬಿಡುವುದು.

ಪ್ರಶ್ನೆ: ಬೇಸಿಗೆಯಲ್ಲಿ ಹಾಕಿದ ಅಂಟು ಚೆನ್ನಾಗಿ ನಿಲ್ಲುತ್ತದೆ. ಅದೇ ಡಬ್ಬಿಯ ಅಂಟು ಆಷಾಢದಲ್ಲಿ ಹಾಕಿದರೆ ಸಿಪ್ಪೆಯಂತೆ ಎದ್ದು ಬರುತ್ತದೆ. ಯಾಕೆ? (ತೀರ್ಥಹಳ್ಳಿ)

ಉತ್ತರ: ದ್ರಾವಕ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಣ್ಣನೆಯ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಹೆಚ್ಚಾದರೆ ಅಂಟು ಬೆಳ್ಳಗೆ ಮಂಕಾಗುವುದೂ ಕಾಣಿಸುತ್ತದೆ. ಅದರ ಮೇಲೆ ಒತ್ತಿದರೆ ಅಂಟಿಗೆ ಅಂಟು ಕೂಡುವುದಿಲ್ಲ, ನಡುವೆ ನೀರಿರುತ್ತದೆ. ಶೂವನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ, ಒತ್ತುವ ಮುನ್ನ ಹೇರ್ ಡ್ರೈಯರಿನ ಗಾಳಿ ಹಿಡಿದು ಮಂಕು ಹೋಗಿದೆಯೇ ನೋಡಿ. ಒಲೆಯ ಹತ್ತಿರ ಮಾತ್ರ ಒಯ್ಯಬೇಡಿ, ಆ ಆವಿ ಬೆಂಕಿ ಹಿಡಿಯುವಂಥದ್ದು. ಟ್ಯೂಬಿನಲ್ಲಿ ಬರುವ ಕೆಲವು ಪಾಲಿಯುರಿಥೇನ್ ಅಂಟುಗಳ ಸ್ವಭಾವ ಇದಕ್ಕೆ ಉಲ್ಟಾ. ಅವು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮಲೆನಾಡಿನ ಮಳೆಗಾಲಕ್ಕೆ ಅವೇ ಅನುಕೂಲ, ಹಾಕುವಾಗ ಶೂ ಒಣಗಿದ್ದರಾಯಿತು.

ಪ್ರಶ್ನೆ: ಚಾರಣಕ್ಕೆಂದು ಕೊಂಡ ದುಬಾರಿ ಶೂಗಳನ್ನು ಆರು ವರ್ಷ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಈಗ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಅಂಟಿಸಬಹುದೇ? (ಮಂಗಳೂರು)

ಉತ್ತರ: ಇಲ್ಲ. ಅದರ ನಡು ಅಟ್ಟೆ ಪಾಲಿಯುರಿಥೇನ್ ಫೋಮಿನದು. ಗಾಳಿಯ ತೇವ ವರ್ಷಗಟ್ಟಲೆ ಒಳಗೆ ಸೇರಿ ಅದರ ಅಣುಗಳ ಸರಪಳಿಗಳನ್ನೇ ತುಂಡರಿಸುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಬೇಗ. ಕವರ್ ತೇವವನ್ನು ಹೊರಗಿಡಲಿಲ್ಲ, ಒಳಗೇ ಕೂಡಿಹಾಕಿತು. ಬೆರಳುಗುರಿನಿಂದ ಒತ್ತಿದರೆ ಪುಡಿ ಉದುರುವ ಫೋಮಿಗೆ ಅಂಟು ಹಾಕುವುದೆಂದರೆ ಪುಡಿಗೆ ಪುಡಿ ಅಂಟಿಸಿದಂತೆ. ಮೇಲ್ಭಾಗ ಗಟ್ಟಿಯಿದ್ದರೆ ಹೊಸ ಅಟ್ಟೆ ಪೂರ್ತಿಯಾಗಿ ಹಾಕುವವರ ಬಳಿ ಕೊಡಿ. ಮುಂದೆ ಅಂಥ ಶೂಗಳನ್ನು ಗಾಳಿಯಾಡುವ ಕಡೆ ಇಡಿ, ತಿಂಗಳಿಗೊಮ್ಮೆಯಾದರೂ ಹಾಕಿ ನಡೆಯಿರಿ. ಬಳಸದೇ ಇಟ್ಟದ್ದೇ ಬೇಗ ಸಾಯುತ್ತದೆ.

ಪ್ರಶ್ನೆ: ಹವಾಯಿ ಚಪ್ಪಲಿಯ ಉಂಗುಟದ ಬಾರು ಅಟ್ಟೆಯ ತೂತಿನಿಂದ ಪದೇ ಪದೇ ಕಿತ್ತು ಬರುತ್ತದೆ. ಯಾವ ಅಂಟು ಹಾಕಲಿ? (ಹಾವೇರಿ)

ಉತ್ತರ: ಯಾವುದೂ ಬೇಡ. ಎಳೆತವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುವ ಜಾಗ ಅದು, ಅಂಟಿಗೆ ಹಿಡಿಯಲು ಅಗಲವೇ ಇಲ್ಲ. ಹಳೆಯ ಸ್ಕೂಟರ್ ಟ್ಯೂಬಿನಿಂದ 3 ಸೆಂ.ಮೀ. ಅಗಲದ ಎರಡು ಬಿಲ್ಲೆ ಕತ್ತರಿಸಿ. ನಡುವೆ ಸಣ್ಣ ತೂತು, ತೂತಿನಿಂದ ಅಂಚಿನವರೆಗೆ ಒಂದು ಸೀಳು. ಅಟ್ಟೆಯ ಕೆಳಗೆ, ಬಾರಿನ ಗುಂಡಿಯ ಮೇಲ್ಗಡೆ, ಒಂದರ ಸೀಳು ಮುಂದಕ್ಕೆ, ಇನ್ನೊಂದರ ಸೀಳು ಹಿಂದಕ್ಕೆ ಬರುವಂತೆ ತೂರಿಸಿ. ಎರಡು ಬಿಲ್ಲೆಗಳ ನಡುವೆ ಮಾತ್ರ ಸೊಲ್ಯೂಷನ್ ಸವರಿ ಒತ್ತಿ. ಬಾರನ್ನು ತೂತಿಗೆ ಹಾಕುವಾಗ ಕೊಬ್ಬರಿ ಎಣ್ಣೆ ಹಚ್ಚುವ ರೂಢಿಯಿದೆ, ಅದು ರಬ್ಬರನ್ನು ಉಬ್ಬಿಸುತ್ತದೆ. ಸೋಪಿನ ನೀರು ಸಾಕು. ಬಾರಿನ ಗುಂಡಿಯೇ ಹರಿದಿದ್ದರೆ ಹೊಸ ಬಾರು ಕೊಳ್ಳಿ.

ಪ್ರಶ್ನೆ: ಸೊಲ್ಯೂಷನ್ ಡಬ್ಬಿ ತೆರೆದು ಎರಡು ತಿಂಗಳಿಗೆ ಗಟ್ಟಿಯಾಗಿದೆ. ತೆಳು ಮಾಡಬಹುದೇ? ವಾಸನೆಗೆ ತಲೆನೋವೂ ಬರುತ್ತದೆ. (ಬೆಂಗಳೂರು)

ಉತ್ತರ: ಜೇನಿನಷ್ಟು ಮಂದವಾಗಿದ್ದರೆ ಅದೇ ಕಂಪನಿಯ ಥಿನ್ನರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಕಲಕಿ. ಮುದ್ದೆಯಾಗಿದ್ದರೆ ಎಸೆಯಿರಿ, ಅದು ಮತ್ತೆ ಸರಿಹೋಗುವುದಿಲ್ಲ. ಪೆಟ್ರೋಲ್, ಸೀಮೆಎಣ್ಣೆ ಬೆರೆಸಬೇಡಿ. ತಲೆನೋವು ಬರುವುದು ಟೊಲ್ಯೂಯಿನ್‌ನಂಥ ದ್ರಾವಕಗಳ ಆವಿಯಿಂದ. ಬಾಲ್ಕನಿಯಲ್ಲಿ ಕೂತು ಕೆಲಸ ಮಾಡಿ, ದೇವರ ದೀಪ, ಗ್ಯಾಸ್ ಒಲೆ ಹತ್ತಿರವಿರದಿರಲಿ, ಗರ್ಭಿಣಿಯರೂ ಮಕ್ಕಳೂ ದೂರವಿರಲಿ. ಬಟ್ಟೆಯ ಮಾಸ್ಕು ಈ ಆವಿಯನ್ನು ತಡೆಯುವುದಿಲ್ಲ. ದೊಡ್ಡ ಡಬ್ಬಿಗಿಂತ ಸಣ್ಣ ಟ್ಯೂಬುಗಳನ್ನೇ ಕೊಳ್ಳಿ. ಮುಚ್ಚುವ ಮೊದಲು ಬಾಯಂಚಿನ ಅಂಟನ್ನು ಒರೆಸಿ, ಮುಚ್ಚಳ ಬಿಗಿ ಮಾಡಿ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ.