ಲಂಡನ್ ಸಹೋದ್ಯೋಗಿ ‘ಲಕ್ಕಿ ಗಿಟ್’ ಅಂದರೆ ಬೈದ ಹಾಗಾ?

ಎರಡು ವಾರ ರಜೆ ಸಿಕ್ತು ಅಂದಿದ್ದಕ್ಕೆ ಅವರು ‘ಯೂ ಲಕ್ಕಿ ಗಿಟ್’ ಅಂದಿದ್ದರೆ, ಅದು ಹೆಚ್ಚಾಗಿ ಹೊಟ್ಟೆಕಿಚ್ಚಿನ ತಮಾಷೆ ಅಷ್ಟೇ. ಧ್ವನಿ ಕೇಳಿಸಿಕೊಂಡವರು ನೀವು, ಅದಕ್ಕೇ ‘ಹೆಚ್ಚಾಗಿ’ ಅಂದೆ.

ಗಿಟ್ ಅನ್ನೋದು ಪೆದ್ದ, ಕಿರಿಕಿರಿಯ ಮನುಷ್ಯ ಅನ್ನೋ ಅರ್ಥದ ಬ್ರಿಟಿಷ್ ಬೈಗುಳ. ಮೊದಲು ಅದರ ಹಿಂದಿನ ವಿಶೇಷಣ ನೋಡಿ. ಲಕ್ಕಿ, ಡ್ಯಾಫ್ಟ್ (ಪೆದ್ದು) ಇದ್ದರೆ ಸಲುಗೆ. ‘ಮಿಸರಬಲ್ ಓಲ್ಡ್ ಗಿಟ್’ ಅಂದರೆ ಸಿಡುಕು ಮುದುಕ. ‘ಇಗ್ನೊರಂಟ್ ಗಿಟ್’ ಅಂದಿದ್ದರೆ ನಿಜಕ್ಕೂ ಸಿಟ್ಟಾಗಿದ್ದಾರೆ.

ಮೂಲ ಮಾತ್ರ ಅಷ್ಟು ಸಾಧು ಅಲ್ಲ. ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್ ಕಡೆಯ ‘ಗೆಟ್’ ಇದರ ಮೂಲರೂಪ. ಹುಟ್ಟಿಸು ಅನ್ನೋ ‘ಬಿಗೆಟ್’ ಇದರ ನಂಟಸ್ತ. ಗೆಟ್ ಅಂದರೆ ಸಂತಾನ, ಆಮೇಲೆ ಹಾದರಕ್ಕೆ ಹುಟ್ಟಿದವ. ಈಗ ಆಡುವವರ ತಲೆಯಲ್ಲಿ ಆ ಅರ್ಥ ಇರೋದಿಲ್ಲ, ನಮ್ಮಲ್ಲಿ ಮುದ್ದಿಗೂ ‘ಮುಂಡೇದೇ’ ಅಂದ ಹಾಗೆ. ಸಾಫ್ಟ್‌ವೇರ್‌ನವರಾದ ನೀವು ದಿನಾ ಕೋಡ್ ಕಮಿಟ್ ಮಾಡೋ, ಅಂದರೆ ಕೋಡ್‌ನ ಬದಲಾವಣೆ ದಾಖಲಿಸೋ, ಗಿಟ್ ಅನ್ನೋ ತಂತ್ರಾಂಶದ ಹೆಸರೂ ಇದೇ! 2005ರಲ್ಲಿ ಅದನ್ನು ಬರೆದವರು, ಲಿನಕ್ಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೆಯ ಜನಕ ಲೈನಸ್ ಟೊರ್ವಾಲ್ಡ್ಸ್. ಅವರು ‘ನನ್ನ ಪ್ರಾಜೆಕ್ಟುಗಳಿಗೆಲ್ಲ ನನ್ನದೇ ಹೆಸರು, ಮೊದಲು ಲಿನಕ್ಸ್, ಈಗ ಗಿಟ್’ ಅನ್ನೋ ಅರ್ಥದಲ್ಲಿ ತಮ್ಮನ್ನೇ ಗೇಲಿ ಮಾಡಿಕೊಂಡಿದ್ದರು.

ಸದ್ಯಕ್ಕೆ ಒಂದು ನಗುವಿನ ಎಮೋಜಿ ಹಾಕಿ, ‘ಜೆಲಸ್?’ ಅಂತ ಕೇಳಿ, ಸಾಕು. ಎಚ್‌ಆರ್‌ಗೆ ದೂರು ಖಂಡಿತ ಬೇಡ. ಆದರೆ ನೀವಾಗಿ ಇದನ್ನು ಕ್ಲೈಂಟ್ ಮುಂದೆ ಅಥವಾ ಮೇಲಿನವರಿಗೆ ಬಳಸಬೇಡಿ. ಬ್ರಿಟಿಷ್ ಸಂಸತ್ತಿನಲ್ಲಿ ಸ್ಪೀಕರ್‌ಗಳು ಆಕ್ಷೇಪಿಸಿರುವ ಪದಗಳಲ್ಲಿ ಇದೂ ಒಂದು. ಅದೇ ಸಹೋದ್ಯೋಗಿ ರಜೆ ಹಾಕಿದಾಗ ತಿರುಗಿ ಅನ್ನಬಹುದು, ಅದಕ್ಕೇನೂ ಅಡ್ಡಿಯಿಲ್ಲ.