ಮಗಳಿಗೆ ಕ್ಲಾರಿನೆಟ್: ಯಾವ ವಾದ್ಯ, ಯಾರ ಹತ್ತಿರ ಪಾಠ?

ಎರಡು ವರ್ಷ ಕೊಳಲು ಕಲಿತ 11ರ ಮಗಳು ಕ್ಲಾರಿನೆಟ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಬೇಕು ಅಂತಿದ್ದಾಳೆ, ಗುರುಗಳು ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಎಲ್ಲ ಬಲ್ಲ ಒಬ್ಬರೇ ಗುರು ಸಿಗಲಿ ಅಂತ ಕಾಯಬೇಡಿ. ತುಟಿ, ರೀಡ್ (ಊದುವ ತುದಿಗೆ ಕಟ್ಟುವ, ಕಂಪಿಸುವ ತೆಳು ಪಟ್ಟಿ), ಬೆರಳಿನ ಪಾಠ ಬ್ಯಾಂಡ್‌ನವರಿಂದ ಆಗಲಿ. ರಾಗ, ಗಮಕ (ಸ್ವರವನ್ನು ತೂಗಿ, ಜಾರಿಸಿ ನುಡಿಸುವುದು) ಹಾಡುಗಾರರಿಂದಲೋ ನಾಗಸ್ವರದವರಿಂದಲೋ ಬರಲಿ. ನಾಟ್ಯದ ಮೇಳದಲ್ಲಿದ್ದ ಕ್ಲಾರಿನೆಟ್ಟನ್ನು ಕಚೇರಿಯ ಮುಖ್ಯವಾದ್ಯ ಮಾಡಿದ ಎ.ಕೆ.ಸಿ. ನಟರಾಜನ್ ಅವರೂ ನಾಗಸ್ವರದ ಪಾಠ ಹೇಳಿಸಿಕೊಂಡವರೇ. 2008ರಲ್ಲಿ ಅವರಿಗೆ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂತು. ಮೈಸೂರು ಕಡೆಯವರಾದರೆ ಪೊಲೀಸ್ ಇಲಾಖೆಯ ಕರ್ನಾಟಿಕ್ ಬ್ಯಾಂಡ್‌ನ ನಿವೃತ್ತರನ್ನು ಮೊದಲು ವಿಚಾರಿಸಿ.

ಕೊಳಲಿನ ಅಭ್ಯಾಸ ಇಲ್ಲಿ ಸ್ವಲ್ಪ ಕೈಕೊಡುತ್ತೆ. ಅಲ್ಲಿ ಒತ್ತಿ ಊದಿದರೆ ಅದೇ ಬೆರಳಿಗೆ ಮೇಲಿನ ಷಡ್ಜ. ಕ್ಲಾರಿನೆಟ್‌ನಲ್ಲಿ ಷಡ್ಜ ಹಿಡಿದು ರಿಜಿಸ್ಟರ್ ಕೀ (ದನಿಯನ್ನು ಮೇಲಕ್ಕೆ ಏರಿಸುವ, ಎಡ ಹೆಬ್ಬೆರಳಿನ ಕೀ) ಒತ್ತಿದರೆ ಬರುವುದು ತಾರ ಪಂಚಮ! ಹಾಗಾಗಿ ಬಿ ಫ್ಲಾಟ್ ವಾದ್ಯದಲ್ಲಿ ಹೆಬ್ಬೆರಳಿನ ರಂಧ್ರ, ಮುಂದಿನ ಆರು ರಂಧ್ರ ಮುಚ್ಚಿದಾಗ ಬರುವ ಸ್ವರವನ್ನೇ ಷಡ್ಜ ಮಾಡಿ. ಅದು 4 ಮನೆ ಶ್ರುತಿ, ಅಂದರೆ ಎಫ್. ಎಲ್ಲ ತೆರೆದರೆ ತಾರ ಷಡ್ಜ. ಮೊದಲ ಪಾಠಗಳಾದ ಸರಳೆ, ಜಂಟಿ ವರಸೆ ಅಷ್ಟರಲ್ಲೇ ಮುಗಿಯುತ್ತೆ, ರಿಜಿಸ್ಟರ್ ಕೀ ಮುಟ್ಟುವುದೇ ಬೇಡ.

ಕಷ್ಟ ಇರುವುದು ತಾರ ಸ್ಥಾಯಿ ವರಸೆಯಲ್ಲಿ. ಈ ಪಾಠಗಳ ರಾಗವಾದ ಮಾಯಾಮಾಳವಗೌಳದ ತಾರ ರಿಷಭಕ್ಕೆ ತೋರುಬೆರಳಿನ ಒಂದು ಕೀ ಸಾಕು. ಮುಂದಿನ ಗಾಂಧಾರಕ್ಕೆ ಅಷ್ಟೂ ರಂಧ್ರ ಮುಚ್ಚಿ, ಕಿರುಬೆರಳಿನ ಕೀ, ರಿಜಿಸ್ಟರ್ ಕೀ ಎರಡೂ ಒಟ್ಟಿಗೆ ಒತ್ತಬೇಕು. ಒಂದು ಬೆರಳು ಹಿಂದೆ ಬಿದ್ದರೂ ಕೀಚಲು ದನಿ. ತಾರ ಸ, ರಿ ನುಡಿಸುವಾಗಲೇ ಬಲಗೈ ಬೆರಳುಗಳನ್ನು ರಂಧ್ರಗಳ ಮೇಲೆ ಮುಚ್ಚಿ ಇಟ್ಟುಕೊಳ್ಳಲಿ. ಸ್ವರ ಕೆಡಲ್ಲ, ದಾಟುವುದು ಅರ್ಧ ಸುಲಭ.

ಇಷ್ಟಾದರೂ ಕೀಚಲು ನಿಲ್ಲದಿದ್ದರೆ ರೀಡ್ ನೋಡಿ. ಗಡಸುತನದಲ್ಲಿ 1.5 ಅಥವಾ 2ನೇ ನಂಬರ್ ಇರಲಿ, ರೀಡ್‌ನ ತುದಿಯ ಮೇಲೆ ಮೌತ್‌ಪೀಸ್‌ನ ಕಪ್ಪು ಕೂದಲೆಳೆಯಷ್ಟೇ ಕಾಣಬೇಕು. ತುದಿ ಸೀಳಿದ್ದರೆ ಎಸೆಯಿರಿ. ಮೂರು ನಾಲ್ಕು ರೀಡ್ ಸರದಿಯಲ್ಲಿ ಬಳಸಿ.

ವಾದ್ಯದ ವಿಷಯ: ಬೋಮ್, ಆಲ್ಬರ್ಟ್ ಅನ್ನುವುದು ಕೀ ಜೋಡಣೆಯ ಎರಡು ಬಗೆ. ಬೋಮ್ ಸಿಸ್ಟಮ್‌ನಲ್ಲಿ ರಂಧ್ರದ ಸುತ್ತ ರಿಂಗ್ ಇದ್ದು, ಗಮಕಕ್ಕೆ ಬೆರಳು ಜಾರಿಸಿದಾಗ ಅದು ಎದ್ದು ಸ್ವರ ಜಿಗಿಯುತ್ತೆ. ಆಲ್ಬರ್ಟ್ ಸಿಸ್ಟಮ್‌ನಲ್ಲಿ ರಿಂಗ್ ಕಡಿಮೆ, ಜಾರು ಚೆನ್ನಾಗಿ ಬರುತ್ತೆ, ಆದರೆ ಒಳ್ಳೆಯದು ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್. ಸದ್ಯಕ್ಕೆ ಪ್ಲಾಸ್ಟಿಕ್ ಬೋಮ್ ಸಾಕು ಅನ್ನುವುದು ನನ್ನ ಮಾತು. ಮರದ್ದು ಒಣ ಬಿಸಿಲಿಗೆ ಸೀಳುತ್ತೆ. ಕೊಳ್ಳುವಾಗ ಮೇಲಿನ ತುಂಡಿನ ರಂಧ್ರಗಳನ್ನೆಲ್ಲ ಬೆರಳಲ್ಲಿ, ತಳವನ್ನು ಅಂಗೈಯಲ್ಲಿ ಮುಚ್ಚಿ ಊದಿ. ಗಾಳಿ ಸೋರಿದರೆ ಪ್ಯಾಡ್ (ಕೀ ಕೆಳಗೆ ರಂಧ್ರ ಮುಚ್ಚುವ ಮೆತ್ತೆ) ಹೋಗಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಭಾರವೆಲ್ಲ ಬಲ ಹೆಬ್ಬೆರಳ ಮೇಲೆ ಬೀಳುವುದರಿಂದ ಕೊರಳಪಟ್ಟಿಯನ್ನೂ ಜೊತೆಗೇ ತೆಗೆದುಕೊಳ್ಳಿ.